ಬೆನ್ನಿಗೆ ಪೈಪು, ಪಕ್ಕದಲ್ಲಿ ವಾರಗಿತ್ತಿ

ನನ್ನ ತೊಡೆಮೂಳೆ ಮುರಿದ ವರ್ಷ ಹೊಗೆಸೊಪ್ಪು ಚೆನ್ನಾಗಿ ಬಂದಿತ್ತು. ಗಾವಡಗೆರೆ ಸುತ್ತಮುತ್ತ ಎಲ್ಲರ ಬ್ಯಾರನ್ನುಗಳೂ ಹೊಗೆಯಾಡುತ್ತಿದ್ದವು. ಸೊಪ್ಪು ಮುರಿಯುವುದಕ್ಕೆ, ಕಡ್ಡಿಗೆ ಪೋಣಿಸುವುದಕ್ಕೆ, ಮೇಲೆ ಹತ್ತಿ ಜೋಡಿಸುವುದಕ್ಕೆ ಆಳು ಸಿಕ್ಕಿದರೆ ಪುಣ್ಯ ಎನ್ನುವ ಕಾಲ. ಬ್ಯಾರನ್ನು ಎಂದರೆ ಹಸಿ ಸೊಪ್ಪನ್ನು ಬಿಸಿಯಲ್ಲಿ ಬಾಡಿಸಿ ಒಣಗಿಸುವ, ಕಿಟಕಿಯಿಲ್ಲದ ಎತ್ತರದ ಕೋಣೆ. ಒಳಗೆ ಗೋಡೆಯಿಂದ ಗೋಡೆಗೆ ಅಡ್ಡತೊಲೆಗಳಿರುತ್ತವೆ. ಒಬ್ಬರು ಕೆಳಗಿನ ತೊಲೆಯ ಮೇಲೆ ನಿಂತು ಸೊಪ್ಪಿನ ಕಡ್ಡಿಗಳನ್ನು ಮೇಲಿನವರಿಗೆ ದಾಟಿಸಬೇಕು. ಅದು ಗಂಡಸರ ಕೆಲಸ. ಆ ದಿನ ಬರುತ್ತೇನೆ ಎಂದ ಆಳು ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಾನೇ ಹತ್ತಿದೆ.

ಹಸಿ ಸೊಪ್ಪಿನ ಅಂಟು ತೊಲೆಗೆಲ್ಲ ಹಿಡಿದಿತ್ತು. ಮೇಲಿದ್ದ ನಮ್ಮೆಜಮಾನರಿಗೆ ಕಡ್ಡಿ ಕೊಟ್ಟು ತಿರುಗುವಾಗ ಕಾಲು ಜಾರಿತು. ಒಂದು ಕಾಲು ಎರಡು ತೊಲೆಗಳ ನಡುವೆ ಸಿಕ್ಕಿಕೊಂಡಿತು, ಮೈಯೆಲ್ಲ ಆ ಕಾಲಿನ ಮೇಲೆಯೇ ತಿರುಗಿ ಕೆಳಕ್ಕೆ ಬಂತು. ಮೂಳೆ ಮುರಿದ ಸದ್ದು ಮೇಲಿದ್ದ ಅವರಿಗೂ ಕೇಳಿಸಿತಂತೆ. ಪಕ್ಕದ ಮನೆಯವರ ಪಿಕಪ್ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ಹುಣಸೂರಿನ ಒಂದು ನರ್ಸಿಂಗ್ ಹೋಮಿಗೆ ತಂದರು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಮೊಣಕಾಲಿಗೆ ಹತ್ತಿರದಲ್ಲೇ ಮುರಿದಿದೆ. ಪ್ಲೇಟ್ ಹಾಕಬೇಕು. ಬೇಗ ಮಡಚೋಕೆ ಶುರು ಮಾಡದಿದ್ರೆ ಮಂಡಿ ಬಿಗಿದುಕೊಂಡುಬಿಡುತ್ತೆ” ಎಂದರು. ಆಮೇಲೆ ಅರಿವಳಿಕೆಯ ಡಾಕ್ಟರು ಬಂದರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಮಾತು ನಿಧಾನ. ಬೆನ್ನಿನಲ್ಲಿ, ನರಗಳ ಪೊರೆಯ ಹೊರಗಡೆ, ದಾರದಷ್ಟು ಸಣ್ಣ ಪೈಪೊಂದನ್ನು ಬಿಡುವುದಾಗಿ ಹೇಳಿದರು. ಅದಕ್ಕೆ ಎಪಿಡ್ಯೂರಲ್ ಎನ್ನುತ್ತಾರಂತೆ. “ಆಪರೇಷನ್ ಆದ ಮೇಲೂ ಅದರಲ್ಲಿ ಔಷಧಿ ಹೋಗ್ತಾ ಇರುತ್ತಮ್ಮ. ಸೊಂಟದ ಕೆಳಗೆ ನೋವು ಗೊತ್ತಾಗಲ್ಲ. ಆಗ ಮಂಡಿ ಮಡಚಿಸೋದು ಸುಲಭ. ಕಾಲು ಸ್ವಲ್ಪ ಭಾರ ಅನ್ನಿಸಬಹುದು, ಹೆದರಬೇಡಿ.”

ನೋವು ಗೊತ್ತಾಗುವುದಿಲ್ಲ ಎಂದ ಮೇಲೆ ನನಗೆ ಬೇರೆ ಏನೂ ಕೇಳಬೇಕು ಅನ್ನಿಸಲಿಲ್ಲ. ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ತಣ್ಣಗಿನ ಔಷಧಿ ಒರೆಸಿದ್ದು, ಯಾರೋ ನನ್ನ ತಲೆಯನ್ನು ಎದೆಯ ಕಡೆ ಬಾಗಿಸಿ ಹಿಡಿದದ್ದು, ಬೆನ್ನೊಳಗೆ ಏನೋ ಒತ್ತಿದಂತಾದದ್ದು, ಆಮೇಲೆ ಎರಡೂ ಕಾಲುಗಳು ಬೆಚ್ಚಗಾಗಿ ಎಲ್ಲಿಗೋ ಹೊರಟುಹೋದದ್ದು ನೆನಪಿದೆ.

ಆಪರೇಷನ್ ಮುಗಿದು ವಾರ್ಡಿಗೆ ತಂದಾಗ ನನಗೆ ಇನ್ನೂ ಮಂಪರು. ಕಣ್ಣು ಬಿಟ್ಟಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ, ಹಣೆಗೆ ವಿಭೂತಿ ಇಟ್ಟುಕೊಂಡು, ಮಡಿಲಲ್ಲಿ ವಯರಿನ ಬುಟ್ಟಿ ಹಿಡಿದುಕೊಂಡು ಕೂತಿದ್ದವಳು ನನ್ನ ವಾರಗಿತ್ತಿ. ಭಾವನವರ ಹೆಂಡತಿ. ಅವಳ ಜೊತೆ ನಾನು ಮಾತು ಬಿಟ್ಟು ವರ್ಷಗಳಾಗಿದ್ದವು.

ಅವಳು ಯಾಕೆ ಬಂದಳು ಎನ್ನುವುದು ಆಮೇಲೆ ತಿಳಿಯಿತು. ಅದು ಹೆಂಗಸರ ವಾರ್ಡು. ನೋಡುವ ಹೊತ್ತು ಮುಗಿದ ಮೇಲೆ ಗಂಡಸರನ್ನು ಬಿಡುವುದಿಲ್ಲ. ಅಲ್ಲದೆ ತುಂಬಿದ ಬ್ಯಾರನ್ನು ಬಿಟ್ಟು ನಮ್ಮೆಜಮಾನರು ಬರುವ ಹಾಗೂ ಇರಲಿಲ್ಲ. ಬಿಸಿ ಹೆಚ್ಚುಕಮ್ಮಿಯಾದರೆ ವರ್ಷದ ಸೊಪ್ಪೆಲ್ಲ ಕರಿಬೀಳುತ್ತದೆ. ಕಂಪಲಾಪುರಕ್ಕೆ ಕೊಟ್ಟಿರುವ ನನ್ನ ಮಗಳು ಹಸಿ ಬಾಣಂತಿ. ಭೇರ್ಯದ ಹತ್ತಿರ ನನ್ನ ತವರಿನಲ್ಲಿ ಉಳಿದಿರುವುದು ಅಣ್ಣ ಒಬ್ಬನೇ. ನಮ್ಮೆಜಮಾನರು ದಿಕ್ಕು ತೋಚದೆ ಗೋಡೆಯಾಚೆಗೆ ಹೋಗಿ ಅವಳ ಬಾಗಿಲ ಮುಂದೆ ನಿಂತರಂತೆ. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಭಾಗ ಮಾಡಿಕೊಂಡಿದ್ದೆವು. ಅವಳು ಏನೂ ಕೇಳದೆ ಎರಡು ಸೀರೆ ಬುಟ್ಟಿಗೆ ಹಾಕಿಕೊಂಡು ಬಸ್ಸು ಹತ್ತಿದಳಂತೆ.

ಕಣ್ಣು ಬಿಟ್ಟ ನನಗೆ ಅದೆಲ್ಲ ತಿಳಿಯದು. ತಿಳಿದದ್ದು ಇಷ್ಟೇ: ಎದ್ದು ಹೋಗಬೇಕು ಅನ್ನಿಸಿತು, ಕಾಲು ಇರಲಿಲ್ಲ. ಇದ್ದವು, ಹೊದಿಕೆಯ ಕೆಳಗೆ ಎರಡು ಉಬ್ಬು ಕಾಣಿಸುತ್ತಿದ್ದವು. ನನ್ನ ಮಾತು ಮಾತ್ರ ಕೇಳುತ್ತಿರಲಿಲ್ಲ. ಬೆರಳು ಅಲ್ಲಾಡಿಸು ಎಂದು ಮನಸ್ಸಿನಲ್ಲಿ ಎಷ್ಟು ಹೇಳಿದರೂ ಏನೂ ಆಗುತ್ತಿರಲಿಲ್ಲ. ಬೆನ್ನಿನಿಂದ ಹೊರಟ ಪೈಪನ್ನು ಪ್ಲಾಸ್ಟರಿನಲ್ಲಿ ಅಂಟಿಸಿ ಹೆಗಲ ಮೇಲೆ ತಂದು ಮಂಚದ ಪಕ್ಕದ ಸಣ್ಣ ಪಂಪಿಗೆ ಸೇರಿಸಿದ್ದರು. ಕೈಗೆ ಗ್ಲೂಕೋಸಿನ ನಳಿಕೆ, ಕೆಳಗೆ ಉಚ್ಚೆಯ ಚೀಲ, ಮಂಚದ ಎರಡು ಕಡೆಯೂ ಕಂಬಿ. ತಲೆಯೊಂದನ್ನು ಗೋಡೆಯ ಕಡೆ ತಿರುಗಿಸಬಹುದಿತ್ತು. ತಿರುಗಿಸಿದೆ.

ಅವಳ ಜೊತೆ ಮಾತು ಬಿಟ್ಟದ್ದು ನಮ್ಮತ್ತೆ ತೀರಿಕೊಂಡ ಮೇಲೆ ಮಾಡಿದ ಶಿವಗಣಾರಾಧನೆಯ ದಿನ. ಅತ್ತೆ ಕೊನೆಯ ತಿಂಗಳುಗಳಲ್ಲಿ ಹಾಸಿಗೆ ಹಿಡಿದು ನಮ್ಮ ಭಾಗದಲ್ಲೇ ಇದ್ದರು. ನುಂಗುವ ಶಕ್ತಿ ಹೋಗಿತ್ತು. ರಾಗಿ ಗಂಜಿಯನ್ನು ಚಮಚದಲ್ಲಿ ಬಿಟ್ಟರೆ ಅರ್ಧ ಕಟವಾಯಿಯಲ್ಲಿ ಹೊರಗೆ ಬರುತ್ತಿತ್ತು. ಒರೆಸಿ ಮತ್ತೆ ಬಿಡುತ್ತಿದ್ದೆ. ಕೊನೆಗೆ ಕಡ್ಡಿಯಂತಾಗಿ ಹೋದರು. ಮಣ್ಣು ಮಾಡಿ, ಆರಾಧನೆಯ ಊಟಕ್ಕೆ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದಾಗ, ಬಡಿಸುತ್ತಿದ್ದ ನನ್ನ ಕಡೆ ಕೈ ತೋರಿಸಿ ವಾರಗಿತ್ತಿ ಎಲ್ಲರಿಗೂ ಕೇಳುವಂತೆ ಅಂದಳು: “ಇವ್ಳು ಅನ್ನ ಇಕ್ದೆ ಕೊಂದ್ಲು ನಮ್ಮತ್ತೇವ!” ನನ್ನ ಕೈಯಲ್ಲಿ ಪಾಯಸದ ಬಕೆಟ್ಟಿತ್ತು. ಅದನ್ನು ಅಲ್ಲೇ ಇಟ್ಟು ಒಳಗೆ ಹೋದೆ. ಅವತ್ತಿನಿಂದ ನೆಂಟರ ಮದುವೆ, ನಾಮಕರಣ ಯಾವುದಕ್ಕೂ ಹೋಗಲಿಲ್ಲ. ಹೋದ ಕಡೆಯೆಲ್ಲ ಜನ ನನ್ನನ್ನೇ ನೋಡಿ, ಅತ್ತೆಗೆ ಅನ್ನ ಹಾಕದೆ ಕೊಂದವಳು ಇವಳೇ ಎಂದುಕೊಳ್ಳುತ್ತಾರೆ ಅನ್ನಿಸುತ್ತಿತ್ತು.

ಆ ಬಾಯಿ ಈಗ ಕೈಯಳತೆಯಲ್ಲಿ ಕೂತಿತ್ತು.

ಮೊದಲ ದಿನ ನಾವು ನರ್ಸಿನ ಮೂಲಕ ಮಾತಾಡಿದೆವು. “ಸಿಸ್ಟ್ರೆ, ಅವ್ರಿಗೆ ನೀರು ಬೇಕಾ ಕೇಳಿ” ಎನ್ನುವಳು ಅವಳು. “ಬೇಡ ಅನ್ನಿ ಸಿಸ್ಟರ್” ಎನ್ನುವೆನು ನಾನು. ಮಲಯಾಳಿ ಹುಡುಗಿ ಆ ನರ್ಸು. ಇಬ್ಬರ ಮುಖವನ್ನೂ ನೋಡಿ, “ಎನ್ತಾ ಇದು! ನಿಮಗೆ ಇಬ್ಬರಿಗೂ ಕಿವಿ ಕೇಳ್ಸಲ್ವಾ?” ಎಂದು ನಕ್ಕಳು. ನಾವು ನಗಲಿಲ್ಲ.

ನೀರು ಬೇಡ ಎನ್ನಬಹುದು. ಮೈ ಒರೆಸುವುದು ಬೇಡ ಎಂದು ಎಷ್ಟು ಹೊತ್ತು ಅನ್ನಬಹುದು? ಬೆಳಿಗ್ಗೆ ನರ್ಸು ಬಿಸಿನೀರಿನ ಬೇಸಿನ್ ತಂದಿಟ್ಟು, “ಅಮ್ಮ, ಸ್ಪಂಜಿಂಗ್ ಮಾಡಿ, ನಂಗೆ ಬೇರೆ ಪೇಷಂಟ್ ಇದಾರೆ” ಎಂದು ಅವಳ ಕೈಗೆ ಬಟ್ಟೆ ಕೊಟ್ಟು ಹೋದಳು. ವಾರಗಿತ್ತಿ ಪರದೆ ಎಳೆದಳು. ನಾನು ಕಣ್ಣು ಮುಚ್ಚಿಕೊಂಡೆ. ಮುಖ, ಕುತ್ತಿಗೆ, ಕೈ ಒರೆಸುವವರೆಗೆ ಗೊತ್ತಾಯಿತು. ಹೊಟ್ಟೆಯಿಂದ ಕೆಳಕ್ಕೆ ಬಟ್ಟೆ ಎಲ್ಲಿದೆ ಎನ್ನುವುದು ತಿಳಿಯಲಿಲ್ಲ. ನೀರು ಹಿಂಡುವ ಸದ್ದು ಮಾತ್ರ ಬರುತ್ತಿತ್ತು. ಮುಗಿಯಿತೇನೋ ಎಂದು ಕಣ್ಣು ಬಿಟ್ಟರೆ ಅವಳು ನನ್ನ ಪಾದವನ್ನು ತನ್ನ ಅಂಗೈ ಮೇಲೆ ಎತ್ತಿಕೊಂಡು ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಅವಳು ನನ್ನನ್ನು ಮುಟ್ಟುತ್ತಿರುವುದು ನನ್ನ ಕಣ್ಣಿಗೆ ಕಾಣುತ್ತಿತ್ತು, ಮೈಗೆ ತಿಳಿಯುತ್ತಿರಲಿಲ್ಲ. ಅಳು ಬಂತು. ನಾಚಿಕೆಗೋ, ಸಿಟ್ಟಿಗೋ ಈಗಲೂ ಹೇಳಲಾರೆ. ಅವಳು ನೋಡಿಯೂ ನೋಡದವಳಂತೆ ಬೇಸಿನ್ ಎತ್ತಿಕೊಂಡು ಹೊರಗೆ ಹೋದಳು.

ಔಷಧಿ ಮಾತ್ರ ಡಾಕ್ಟರು ಹೇಳಿದ ಹಾಗೇ ಇತ್ತು. ವ್ಯಾಯಾಮ ಮಾಡಿಸುವವನು ಬಂದು ಮಂಡಿಯನ್ನು ಮೆಲ್ಲಗೆ ಮಡಚಿಸಿದಾಗ ನನಗೆ ಏನೂ ಆಗಲಿಲ್ಲ. ಅಕ್ಕಪಕ್ಕದ ಮಂಚಗಳಲ್ಲಿ ನರಳುತ್ತಿದ್ದವರನ್ನು ಕೇಳಿಸಿಕೊಂಡು, ಇಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಮಾರನೆಯ ದಿನ ಊಟದ ಹೊತ್ತಿನ ನಂತರ ಅದು ಕೆಟ್ಟಿತು. ಹಾಸಿಗೆಯ ಬಟ್ಟೆ ಬದಲಾಯಿಸಲು ನನ್ನನ್ನು ಎಡಕ್ಕೆ, ಒಳ್ಳೆಯ ಕಾಲಿನ ಕಡೆಗೆ, ಹೊರಳಿಸಿ ಹಾಗೇ ಮಲಗಿಸಿದ್ದರು. ಸ್ವಲ್ಪ ಹೊತ್ತಿಗೆ ಬಲ ತೊಡೆಯೊಳಗೆ ಸಣ್ಣಗೆ ಚುಚ್ಚಿದಂತಾಯಿತು. ನೋಡುನೋಡುತ್ತಿದ್ದಂತೆ ಚುಚ್ಚಿದ್ದು ಉರಿಯಾಯಿತು, ಉರಿ ಇಡೀ ತೊಡೆಗೆ ಹತ್ತಿತು. ಪ್ಲೇಟು ಹಾಕಿದ ಜಾಗದಲ್ಲಿ ಯಾರೋ ಮೊಳೆ ಹೊಡೆಯುತ್ತಿರುವ ಹಾಗೆ. ಎಡಗಾಲು ಮಾತ್ರ ಮರದ ಕೊರಡಿನಂತೆ ಬಿದ್ದಿತ್ತು. ಏನೂ ಆಗದ ಕಾಲಿಗೆ ಜೋಮು, ಕೊಯ್ದ ಕಾಲಿಗೆ ನೋವು. ಹೊರಳಲು ನೋಡಿದೆ. ಸೊಂಟ ಜಗ್ಗಲಿಲ್ಲ. ನೋವು ಇರುವ ಕಡೆಯಿಂದ ದೂರ ಸರಿಯಲು ಆಗದೆ, ಅದರ ಜೊತೆಯಲ್ಲೇ ನನ್ನನ್ನು ಕಟ್ಟಿಹಾಕಿದಂತಾಗಿತ್ತು.

ನರ್ಸನ್ನು ಕರೆದೆ. ಆ ಹೊತ್ತಿಗೆ ಬೇರೆಯವರ ಪಾಳಿ. ಅವರು ಪಂಪನ್ನು ನೋಡಿ, “ಔಷಧಿ ಹೋಗ್ತಾ ಇದೆಯಲ್ಲಮ್ಮ. ಎಪಿಡ್ಯೂರಲ್ ಇದ್ದಾಗ ಇಷ್ಟು ನೋವು ಬರಲ್ಲ. ಗಾಬರಿ ಮಾಡ್ಕೊಂಡಿದೀರ. ಉಸಿರು ಎಳ್ಕೊಳ್ಳಿ” ಎಂದು ಹೋದರು. ಉಸಿರು ಎಳೆದುಕೊಂಡೆ. ಮಂಚದ ಕಂಬಿ ಹಿಡಿದುಕೊಂಡೆ. ಬರದ ನೋವನ್ನು ಬಂದಿದೆ ಎನ್ನುತ್ತಿದ್ದೇನೆಯೇ ಎಂದು ನನಗೇ ಅನುಮಾನ ಬಂತು. ಕೊನೆಗೆ ತಡೆಯಲಾರದೆ ಬಾಯಿಬಿಟ್ಟು ಅತ್ತೆ.

ವಾರಗಿತ್ತಿ ಬುಟ್ಟಿಯನ್ನು ಕೆಳಗಿಟ್ಟು ಎದ್ದಳು. ನನ್ನ ಹತ್ತಿರ ಬಂದು, ವರ್ಷಗಳ ಮೇಲೆ ಮೊದಲ ಸಲ ನನ್ನನ್ನೇ ಕೇಳಿದಳು. “ಎಲ್ಲಮ್ಮಿ ನೋವು?”

“ಕೊಯ್ದಿರೋ ಕಾಲು. ಈ ಕಡೆ ಕಾಲು ಗೊತ್ತೇ ಆಯ್ತಿಲ್ಲ.”

ಅವಳು ಪರದೆ ಸರಿಸಿ ಹೊರಗೆ ಹೋದಳು. ಒಂದು ಗಳಿಗೆಗೆ ಅವಳ ಗಂಟಲು ಕಾರಿಡಾರಿನ ಆ ತುದಿಯಿಂದ ಕೇಳಿಸಿತು. ಆರಾಧನೆಯ ಪಂಕ್ತಿಯಲ್ಲಿ ಕೇಳಿದ ಅದೇ ಗಂಟಲು.

“ನೋವಿಲ್ಲ ಅನ್ನಾಕೆ ನೀವ್ಯಾರ್ರೀ? ನಿಮ್ ಕಾಲ ಅದು? ಬ್ಯಾರನ್ನಿಂದ ಬಿದ್ದು ಮೂಳೆ ಮುರ್ದಾಗ್ಲೂ ಅತ್ತೋಳಲ್ಲ ಕಣ್ರೀ ಅವ್ಳು. ಈಗ ಅಳ್ತಾವ್ಳೆ. ಪೈಪಾಕಿದ್ ಡಾಕ್ಟ್ರಮ್ಮುನ್ ಕರೀರಿ. ಕರಿಯೋಗಂಟ ನಾನ್ ಇಲ್ಲಿಂದ ಅಲ್ಲಾಡಕಿಲ್ಲ!”

ಯಾರೋ ಸಮಾಧಾನ ಹೇಳಿದರು. ಡಾಕ್ಟರು ಕೆ.ಆರ್. ನಗರದಲ್ಲಿ ಇನ್ನೊಂದು ಆಪರೇಷನ್ನಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಎಂದರು. “ಅಂಗಾದ್ರೆ ಪೋನ್ ಮಾಡ್ರಿ, ನನ್ ಮುಂದೇನೆ ಮಾಡ್ರಿ” ಎಂದಳು. ಮಾಡಿದರು. ಬರುವವರೆಗೆ ಕೈಯ ನಳಿಕೆಗೆ ಬೇರೆ ಇಂಜೆಕ್ಷನ್ ಕೊಡಲು ಡಾಕ್ಟರು ಫೋನಿನಲ್ಲೇ ಹೇಳಿದರು. ಅದರಿಂದ ನೋವು ಹೋಗಲಿಲ್ಲ, ಸ್ವಲ್ಪ ದೂರ ಸರಿದು ನಿಂತಂತಾಯಿತು. ವಾರಗಿತ್ತಿ ವಾಪಸು ಬಂದು ಕಂಬಿಯ ಮೇಲಿದ್ದ ನನ್ನ ಕೈ ಬಿಡಿಸಿ ತನ್ನ ಕೈ ಕೊಟ್ಟಳು. ಹಿಡಿದುಕೊಂಡೆ. ಆಗ ಯಾರ ಕೈ ಎಂದು ನೋಡುವ ಸ್ಥಿತಿ ಇರಲಿಲ್ಲ.

ಬಿಸಿಲು ಇಳಿಯುವ ಮುಂಚೆ ಡಾಕ್ಟರು ಬಂದರು. ಮೊದಲು ಬ್ಯಾಂಡೇಜಿನ ಸುತ್ತ, ಮೀನಖಂಡ, ಪಾದ ಎಲ್ಲ ಮುಟ್ಟಿ ಒತ್ತಿ ನೋಡಿದರು. ಊತ ಬಿಗಿಯಾಗಿ ರಕ್ತ ಓಡಾಡದಿದ್ದರೂ ಹೀಗೆ ನೋವು ಬರುತ್ತದಂತೆ. ಅದಲ್ಲ ಎಂದು ಖಾತ್ರಿ ಮಾಡಿಕೊಂಡು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ನನ್ನ ಹೊಟ್ಟೆಯ ಮೇಲೆ, ಎರಡೂ ತೊಡೆಯ ಮೇಲೆ ಸವರುತ್ತ ಬಂದರು.

“ತಣ್ಣಗಿದೆಯಾ?”

ಎಡಕ್ಕೆ ಏನೂ ಇಲ್ಲ. ಬಲಕ್ಕೆ ಮಂಜುಗಡ್ಡೆ ಇಟ್ಟ ಹಾಗೆ.

“ಇವರು ಹೇಳ್ತಿರೋದು ಸರಿ” ಎಂದು ನರ್ಸಿನ ಕಡೆ ತಿರುಗಿದರು. “ಔಷಧಿ ಒಂದೇ ಕಡೆ ಹೋಗ್ತಾ ಇದೆ. ಪೈಪಿನ ತುದಿ ಒಳಗೆ ಎಡಕ್ಕೆ ಸರಿದಿರಬೇಕು.” ಬೆನ್ನಿನ ಪ್ಲಾಸ್ಟರು ಬಿಚ್ಚಿ ಪೈಪನ್ನು ಸ್ವಲ್ಪವೇ ಸ್ವಲ್ಪ ಹೊರಕ್ಕೆ ಎಳೆದು ಮತ್ತೆ ಅಂಟಿಸಿದರು. ನನ್ನನ್ನು ಮೆಲ್ಲಗೆ ನೋವಿರುವ ಕಡೆಗೆ ವಾಲಿಸಿ ದಿಂಬು ಕೊಟ್ಟು, ಪೈಪಿನಲ್ಲಿ ಔಷಧಿ ಬಿಟ್ಟರು. ಬಿಪಿ ನೋಡುತ್ತ ಪಕ್ಕದಲ್ಲೇ ನಿಂತಿದ್ದರು. ಮೊದಲು ತೊಡೆ ಬೆಚ್ಚಗಾಯಿತು. ಆಮೇಲೆ ಮೊಳೆ ಹೊಡೆಯುವುದು ನಿಂತಿತು. ಆಮೇಲೆ ಉರಿಯೂ ಹೋಯಿತು. “ಈಗ?” ಎಂದರು. ನಾನು ಕೈ ಮುಗಿದೆ. “ಅವರಿಗೆ ಮುಗೀರಿ. ನನಗೆ ಫೋನಿನಲ್ಲೇ ಅವರ ದನಿ ಕೇಳಿಸ್ತಾ ಇತ್ತು” ಎಂದು ನಗುತ್ತ ವಾರಗಿತ್ತಿಯನ್ನು ತೋರಿಸಿದರು.

ಡಾಕ್ಟರು ಹೋದ ಮೇಲೆ ವಾರ್ಡು ಶಾಂತವಾಯಿತು. ಅವಳು ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದಳು. ನೋವು ಹೋದ ಜಾಗದಲ್ಲಿ ನನಗೆ ಆ ಪಾಯಸದ ಬಕೆಟ್ಟು ನೆನಪಾಯಿತು. ಈ ಹೆಂಗಸು ನನಗಾಗಿ ಕಾರಿಡಾರಿನಲ್ಲಿ ಕೂಗಾಡಿದಳು. ಈ ಹೆಂಗಸೇ ಅವತ್ತೂ ಕೂಗಿದಳು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಲಗಿರಲು ನನ್ನಿಂದ ಆಗಲಿಲ್ಲ.

“ಅಕ್ಕ, ಅವತ್ತು ಅಂಗ್ಯಾಕಂದೆ?”

ಅವಳು ಯಾವತ್ತು ಎಂದು ಕೇಳಲಿಲ್ಲ. ಸಿಪ್ಪೆಯನ್ನು ಸೆರಗಿನ ಮೇಲೆ ಹಾಕಿಕೊಂಡಳು. ಆಮೇಲೆ ಅಂದಳು: “ಅವತ್ತು ಪಂಕ್ತೀಲಿ ನಮ್ಮಣ್ಣ ನನ್ ಕೈ ಹಿಡ್ದು ಕೇಳ್ದ. ಹಿರೀಸೊಸೆ ನೀನು, ಕೊನೆಗಾಲ್ದಲ್ಲಿ ಒಂದಿನಾನಾರ ನೋಡ್ಕಂಡ್ಯಾ ಅಂತ. ಅಕ್ಕಪಕ್ಕ ಕೂತೋರೆಲ್ಲ ನನ್ ಮೊಕಾನೇ ನೋಡುದ್ರು. ನಾನ್ ಒಂದಿನಾನೂ ಗೋಡೆ ದಾಟಿ ಬಂದಿರ್ನಿಲ್ಲ. ಏನ್ ಯೋಳ್ಬೇಕು ಅಂತ ತಿಳೀನಿಲ್ಲ. ಬಾಯಿಗ್ ಅದ್ ಬಂತು, ಅಂದ್ಬುಟ್ಟೆ.”

“ಸುಳ್ಳು ಅಂತ ಗೊತ್ತಿತ್ತಾ ನಿಂಗೆ?”

“ಗೊತ್ತಿರ್ದೆ ಏನು? ಗೋಡೆ ಈಚ್ಗೆ ಕೇಳುಸ್ತಿರ್ನಿಲ್ವಾ, ಒಂದೇ ಗುಟುಕು ಅವ್ವ, ಒಂದೇ ಗುಟುಕು ಅಂತ ನೀನ್ ದಿನಾ ಗೋಗರೀತಿದ್ದುದ್ದು.”

ಅವಳಿಗೆ ಗೊತ್ತಿರಲಿಲ್ಲ, ಯಾರೋ ಚಾಡಿ ಹೇಳಿರಬೇಕು, ತಪ್ಪು ತಿಳಿದಿರಬೇಕು ಎಂದು ಇಷ್ಟು ವರ್ಷ ನಾನು ನನಗೇ ಹೇಳಿಕೊಂಡಿದ್ದೆ. ದಿನಾ ಕೇಳಿಸಿಕೊಂಡೇ ಅಂದಿದ್ದಳು. ಎದ್ದು ಅವಳ ಕೆನ್ನೆಗೆ ಬಾರಿಸಬೇಕು, ಇಲ್ಲ ಚಪ್ಪಲಿ ಮೆಟ್ಟಿಕೊಂಡು ಬಸ್‌ ಸ್ಟ್ಯಾಂಡಿಗೆ ನಡೆದುಬಿಡಬೇಕು ಅನ್ನಿಸಿತು. ಎರಡಕ್ಕೂ ಕಾಲು ಬೇಕು.

“ಎದ್ದೋಗು ಇಲ್ಲಿಂದ” ಎಂದೆ.

“ಎಲ್ಲಿಗೋಗ್ಲಿ? ಚೀಲ ತುಂಬ್ಕಂಡದೆ ನಿಂದು” ಎಂದಳು. ಬಗ್ಗಿ ಉಚ್ಚೆಯ ಚೀಲ ಬಿಚ್ಚಿಕೊಂಡು ಬಚ್ಚಲಿಗೆ ಹೋದಳು. ವಾಪಸು ಬಂದು ಅದನ್ನು ಸಿಕ್ಕಿಸಿ, ಕೈ ತೊಳೆದುಕೊಂಡು ಮತ್ತೆ ಅದೇ ಸ್ಟೂಲಿನ ಮೇಲೆ ಕೂತಳು. ಅವಳಿಗೂ ಹೋಗಲು ಜಾಗವಿರಲಿಲ್ಲ. ಸುಲಿದ ಮೂಸಂಬಿ ತಟ್ಟೆಯಲ್ಲಿ ಒಣಗಿತು. ನಾನು ತಿನ್ನಲಿಲ್ಲ, ಅವಳೂ ತಿನ್ನಲಿಲ್ಲ.

ಬೆನ್ನಿನ ಪೈಪನ್ನು ತೆಗೆಯುವವರೆಗೆ ನಾವು ಹಾಗೇ ಇದ್ದೆವು. ಅವಳು ಒರೆಸುವಳು, ಹೊರಳಿಸುವಳು, ಗಂಜಿ ಕುಡಿಸುವಳು. ನಾನು ಬಾಯಿ ತೆರೆಯುವೆ, ಮಾತಾಡುವುದಿಲ್ಲ. ಗಂಜಿಯ ಚಮಚ ಬಾಯಿಗೆ ಬರುವಾಗ ನಮ್ಮಿಬ್ಬರಿಗೂ ಒಂದೇ ಯೋಚನೆ ಬರುತ್ತಿತ್ತು ಎಂದು ನನಗೆ ಗೊತ್ತು. ಒಂದು ಸಲ ಚಮಚ ವಾಲಿ ಗಂಜಿ ನನ್ನ ಕುತ್ತಿಗೆಯ ಮೇಲೆ ಚೆಲ್ಲಿತು. ಒರೆಸುತ್ತ, “ತಪ್ಪಾಯ್ತು ಕಣಮ್ಮಿ” ಎಂದಳು. ಗಂಜಿ ಚೆಲ್ಲಿದ್ದಕ್ಕೋ ಬೇರೆಯದಕ್ಕೋ ನಾನು ಕೇಳಲಿಲ್ಲ.

ಪೈಪು ತೆಗೆದದ್ದು ತಿಳಿಯಲೇ ಇಲ್ಲ, ಪ್ಲಾಸ್ಟರು ಕಿತ್ತಾಗಲೇ ಜಾಸ್ತಿ ಉರಿದದ್ದು. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಜುಮುಜುಮು ಎಂದವು. ಆಮೇಲೆ ಪಾದ, ಮೀನಖಂಡ, ಕೊನೆಗೆ ತೊಡೆ ತನ್ನ ನೋವಿನ ಸಮೇತ ವಾಪಸು ಬಂತು. ಈ ನೋವು ಮಾತ್ರೆಗೆ ಬಗ್ಗುವಂಥದ್ದು. ಹೆಬ್ಬೆರಳು ಅಲ್ಲಾಡಿದಾಗ ವಾರಗಿತ್ತಿ ನನಗಿಂತ ಮೊದಲು ನೋಡಿ, “ಆಡ್ತು, ಆಡ್ತು!” ಎಂದು ಇಡೀ ವಾರ್ಡಿಗೆ ಸಾರಿದಳು.

ವಾಕರ್ ಹಿಡಿದು ಮನೆಗೆ ಬಂದ ಮೇಲೆ ನನ್ನನ್ನು ನೋಡಲು ಎಚ್.ಡಿ. ಕೋಟೆಯಿಂದ ಅತ್ತೆಯ ತಂಗಿ ಬಂದರು. ಆರಾಧನೆಯ ದಿನ ಪಂಕ್ತಿಯ ಮೊದಲಲ್ಲೇ ಕೂತಿದ್ದವರು. ಇವರ ಮುಂದೆ ಹೇಗೆ ಕೂರುವುದು ಎಂದು ನಾನು ಮುದುಡಿಕೊಂಡೆ. ಎದ್ದು ಒಳಗೆ ಹೋಗುವಷ್ಟು ಕಾಲು ಇನ್ನೂ ಬಂದಿರಲಿಲ್ಲ. ವಾರಗಿತ್ತಿ ಕಾಫಿ ತಂದಳು. ಲೋಟ ಕೊಟ್ಟವಳು ಹೋಗದೆ ಅಲ್ಲೇ ನಿಂತಳು.

“ಚಿಕ್ಕವ್ವ, ಅತ್ತೆ ಆರಾಧ್ನೆ ದಿನ ನಾನು ಇವ್ಳ ಮೇಲೆ ಅಂದಿದ್ದು ಸುಳ್ಳು ಕಣವ್ವ. ಇವ್ಳು ಚೆನ್ನಾಗ್ ನೋಡ್ಕಂಡ್ಲು. ನಾನೇ ನೋಡ್ನಿಲ್ಲ.”

ಚಿಕ್ಕವ್ವ ಕಾಫಿ ಆರಿಸಿಕೊಳ್ಳುತ್ತ ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಅಯ್ಯೋ, ಅದುನ್ನ ಯಾರ್ ನಂಬಿದ್ರು ಬುಡವ್ವ” ಎಂದರು. “ತಿಂಗ್ಳುಗಟ್ಲೆ ಮಲಗಿದ್ರೂವೆ ನಮ್ಮಕ್ಕನ ಬೆನ್ನಲ್ಲಿ ಒಂದ್ ಹುಣ್ಣಿರ್ನಿಲ್ಲ. ಮಣ್ ಮಾಡೋಕ್ ಮುಂಚೆ ಮೈ ತೊಳ್ಸಿದ್ದು ನಾನು, ನಂಗ್ ಗೊತ್ತಿಲ್ವಾ? ಈ ಮಗ್ಳು ಯಾಕೋ ಎಲ್ಲೂ ಬರಾಕಿಲ್ವಲ್ಲ, ನಮ್ ಮೇಲೇ ಸಿಟ್ಟೇನೋ ಅಂದ್ಕಂಡಿದ್ವಿ.”

ಹೋಗದೆ ಬಿಟ್ಟ ಮದುವೆಗಳು, ಅಣ್ಣನ ಮಗಳ ಧಾರೆ, ಬಾಗಿಲಿಗೇ ಬಂದು ಕರೆದವರನ್ನು ಹುಷಾರಿಲ್ಲ ಎಂದು ಕಳಿಸಿದ್ದು ಎಲ್ಲ ಕಣ್ಣ ಮುಂದೆ ಬಂದವು. ಯಾರೂ ನಂಬದ ಮಾತನ್ನು ನಂಬಿ ಮನೆಯೊಳಗೆ ಕೂತಿದ್ದವಳು ನಾನೊಬ್ಬಳೇ. ಅಥವಾ ಚಿಕ್ಕವ್ವ ನನ್ನ ಸಮಾಧಾನಕ್ಕೆ ಹಾಗೆ ಅಂದರೋ ಏನೋ. ಕೇಳಿ ತಿಳಿದುಕೊಳ್ಳುವ ಧೈರ್ಯ ಬರಲಿಲ್ಲ.

ಈಗ ಕೋಲು ಹಿಡಿದು ಓಡಾಡುತ್ತೇನೆ. ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುತ್ತದೆ, ನೆಲದ ಮೇಲೆ ಕೂರಲು ಬರುವುದಿಲ್ಲ. ವಾರಗಿತ್ತಿಯ ಜೊತೆ ಮಾತಿದೆ. ಮಾತು ಎಂದರೆ, ಹಾಲು ಬಂತಾ, ನೀರು ಬಿಟ್ರಾ, ಅಷ್ಟು. ಒಂದೊಂದು ದಿನ ಅವಳ ಗಂಟಲು ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ, ಒಂದೊಂದು ದಿನ ಅದೇ ಗಂಟಲಿಗೆ ಮೈ ಉರಿಯುತ್ತದೆ. ಹೋದ ಸಲ ತೋರಿಸಲು ಹೋದಾಗ ಮೂಳೆ ಡಾಕ್ಟರು, ಮುಂದೆ ಪ್ಲೇಟು ತೆಗೆಯಬೇಕಾಗಬಹುದು, ಮತ್ತೆ ಅದೇ ಪೈಪು ಹಾಕಿ ಮಾಡೋಣ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮೆಜಮಾನರು, “ಆಗ ನಿನ್ ಜೊತೇಲಿ ಇರಾಕೆ ಯಾರ್ನ ಕರೆಯಾನ?” ಎಂದು ಕೇಳಿದರು.